ಡ್ರಿಲ್ ಎತ್ತುವ ಮುನ್ನ: ಮಾರ್ಟಿಸ್ ಬೀಗಕ್ಕೆ ಯಾವ ಉಪಕರಣ ಕೊಳ್ಳಬೇಕು?

ಪ್ರಶ್ನೆ: ಆರು ವರ್ಷಗಳಿಂದ ಬೀಗ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಸಿಲಿಂಡರ್ ಬೀಗಗಳನ್ನು ಕೆಡಿಸದೆ ತೆರೆಯುವುದು ರೂಢಿಯಾಗಿದೆ. ಬಾಗಿಲ ಮರದೊಳಗೆ ಕುಳಿತ ಲಿವರ್ ಮಾರ್ಟಿಸ್ ಬೀಗ ಎದುರಾದರೆ ಮಾತ್ರ ಡ್ರಿಲ್ಲೇ ಗತಿ. ಕೀಲಿಕೈ ಇಲ್ಲದೆ ಬೀಗ ತೆರೆಯುವ ಪಿಕ್ ಕೊಳ್ಳೋಣವೆಂದರೆ ಹತ್ತಾರು ಬಗೆಗಳಿವೆ. ನೇರವಾಗಿ ಬೀಗದೊಳಗಿನ ಅಳತೆ ಓದುವ ದುಬಾರಿ ಡಿಕೋಡರನ್ನೇ ಕೊಳ್ಳಲೇ?

ಉತ್ತರ: ಬೇಡ. ಡಿಕೋಡರ್ ಒಳ್ಳೆಯ ಉಪಕರಣವೇ, ಆದರೆ ಅದು ಮೊದಲು ಕೊಳ್ಳುವಂಥದ್ದಲ್ಲ. ನಿಮ್ಮ ಚೀಲದಲ್ಲಿ ಮೊದಲು ಇರಬೇಕಾದ್ದು ಒಳ್ಳೆಯ ಟಾರ್ಚು, ಕೀಲಿರಂಧ್ರದೊಳಗೆ ಇಳಿಯುವಷ್ಟು ಸಣ್ಣ ಕ್ಯಾಮೆರಾ ಮತ್ತು ಒಂದು ವರ್ನಿಯರ್ ಕ್ಯಾಲಿಪರ್. ಬೀಗ ಯಾವುದೆಂದು ತಿಳಿಯುವ ಮೊದಲೇ ಕೊಂಡ ಪಿಕ್ ಎಷ್ಟೋ ಸಲ ಪೆಟ್ಟಿಗೆಯಲ್ಲೇ ಉಳಿದುಬಿಡುತ್ತದೆ.

ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹಳೆಯ ತೇಗದ ಬಾಗಿಲೊಂದಕ್ಕೆ ನಾನು ಡ್ರಿಲ್ ಹಾಕಿದ್ದೆ. ರಂಧ್ರ ಕೊರೆದ ಮೇಲೆ ನೋಡಿದರೆ ಬೀಗದ ಬೋಲ್ಟ್ ಹೊರಗೆ ಬಂದೇ ಇರಲಿಲ್ಲ. ಬಾಗಿಲನ್ನು ಹಿಡಿದಿದ್ದುದು ಬರೀ ಹಿಡಿಕೆಯ ಲ್ಯಾಚ್. ಚೌಕಟ್ಟಿನ ಸಂದಿಯಲ್ಲಿ ಟಾರ್ಚು ಬಿಟ್ಟು ಒಂದು ನಿಮಿಷ ನೋಡಿದ್ದರೆ ಆ ಮರ ಉಳಿಯುತ್ತಿತ್ತು. ಆ ರಂಧ್ರದ ಅಂಚಿನಲ್ಲಿ ಎದ್ದುನಿಂತಿದ್ದ ತೇಗದ ಸಿಬಿರು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಬೋಲ್ಟ್ ನಿಜವಾಗಿಯೂ ಹಾಕಿದೆಯೇ, ಬಾಗಿಲು ಉಬ್ಬಿ ಅಥವಾ ಕೀಲು ಜೋತುಬಿದ್ದು ಬೋಲ್ಟನ್ನು ಒತ್ತಿಹಿಡಿದಿದೆಯೇ ಎಂಬುದನ್ನು ಮೊದಲು ನೋಡಿ. ಮನೆಯವರ ಬಳಿ ಕೀಲಿಕೈ ಇದ್ದರೆ ಅದರ ಹಲ್ಲು ಸವೆದಿದೆಯೇ ಎಂದೂ ಪರೀಕ್ಷಿಸಿ. ಬಾಗಿಲನ್ನು ಚೌಕಟ್ಟಿನತ್ತ ಒತ್ತಿ ಹಿಡಿದ ಮಾತ್ರಕ್ಕೇ ತಿರುಗಿದ ಬೀಗಗಳನ್ನು ಕಂಡಿದ್ದೇನೆ.

ಈಗ ಬೀಗದ ಒಳಗಿನ ವಿಷಯ. ಲಿವರ್ ಬೀಗದೊಳಗೆ ಲಿವರ್ ಎಂಬ ಲೋಹದ ತಗಡುಗಳಿರುತ್ತವೆ, ಪ್ರತಿಯೊಂದನ್ನೂ ಸ್ಪ್ರಿಂಗ್ ಕೆಳಗೆ ಒತ್ತಿರುತ್ತದೆ. ಕೀಲಿಕೈಯ ಹಲ್ಲುಗಳು ಒಂದೊಂದನ್ನೂ ಅದರದರ ಎತ್ತರಕ್ಕೆ ಎತ್ತಿದಾಗ ಲಿವರ್‌ಗಳಲ್ಲಿ ಕೊರೆದ ಗೇಟುಗಳೆಂಬ ಸಂದಿಗಳು ಸಾಲಾಗಿ ನಿಂತು, ಬೋಲ್ಟಿನ ಮೇಲೆ ಚಾಚಿಕೊಂಡಿರುವ ಸ್ಟಂಪ್ ಎಂಬ ಗೂಟ ಅವುಗಳ ಮೂಲಕ ಹಾದುಹೋಗುತ್ತದೆ. ಲಿವರ್ ಕಡಿಮೆ ಎದ್ದರೂ ತಡೆ, ಹೆಚ್ಚು ಎದ್ದರೂ ತಡೆ. 1778ರಲ್ಲಿ ರಾಬರ್ಟ್ ಬ್ಯಾರನ್ ತಂದ ಈ ಎರಡು ಬದಿಯ ತಡೆಯೇ ಇಂದಿನ ಲಿವರ್ ಬೀಗದ ತಳಹದಿ. ಹೀಗಾಗಿ ಉಪಕರಣ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕು: ಬೋಲ್ಟಿನ ಮೇಲೆ ಹಗುರವಾದ ಒತ್ತಡ ಇಟ್ಟುಕೊಳ್ಳಬೇಕು, ಲಿವರ್‌ಗಳನ್ನು ಒಂದೊಂದಾಗಿ ಎತ್ತಬೇಕು. 1851ರಲ್ಲಿ ಲಂಡನ್‌ನ ಮಹಾ ಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಚಬ್ ಕಂಪನಿಯ ‘ಡಿಟೆಕ್ಟರ್’ ಎಂಬ ಲಿವರ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದದ್ದು ಇದೇ ತತ್ತ್ವದಿಂದ. ಇಂದು ಮಾರುವ ‘ಟು-ಇನ್-ಒನ್’ ಪಿಕ್‌ಗಳೂ ಅದೇ ಕುಲದವು. ಹೊರಗಿನ ಕೊಳವೆ ಬೋಲ್ಟನ್ನು ಒತ್ತುತ್ತದೆ, ಒಳಗಿನ ತಂತಿ ಲಿವರಿನಿಂದ ಲಿವರಿಗೆ ಸರಿಯುತ್ತದೆ.

ನಿಮ್ಮ ಮೊದಲ ಖರೀದಿ ಇಂಥದ್ದೊಂದು ಪಿಕ್ ಆಗಿರಲಿ. ಆದರೆ ಯಾವುದೋ ಒಂದಲ್ಲ, ನಿಮಗೆ ಅತಿ ಹೆಚ್ಚು ಎದುರಾಗುವ ಬೀಗಕ್ಕೆಂದೇ ಮಾಡಿದ್ದು. ಕಳೆದ ಆರು ತಿಂಗಳಲ್ಲಿ ನೀವು ಡ್ರಿಲ್ ಹಾಕಿದ ಮಾರ್ಟಿಸ್ ಬೀಗಗಳನ್ನು ಬರೆದು ನೋಡಿ: ಎಷ್ಟು ಲಿವರ್, ಕೀಲಿಕೈಯ ದಂಡಿನ ದಪ್ಪ ಎಷ್ಟು, ಕರ್ಟನ್ ಇತ್ತೇ. ಎರಡು–ಮೂರು ಲಿವರಿನ ಬೀಗಗಳೇ ಹೆಚ್ಚಾಗಿದ್ದರೆ ಬಗ್ಗಿಸಿದ ತಂತಿಗಳ ಸರಳ ಜೋಡಿ ಸಾಕು. ಐದು ಲಿವರ್ ಮತ್ತು ಕರ್ಟನ್ ಇರುವ ಬೀಗಕ್ಕೆ ಅದು ಸಾಲದು. ಕೀಲಿರಂಧ್ರವನ್ನು ಸುತ್ತುವರಿದು ಕೀಲಿಕೈಯ ಜೊತೆಗೇ ತಿರುಗುವ ಈ ಕರ್ಟನ್, ಎರಡು ಬಿಡಿ ತಂತಿಗಳು ಬೇರೆ ಬೇರೆ ಕೋನದಲ್ಲಿ ಆಡಲು ಜಾಗವನ್ನೇ ಕೊಡುವುದಿಲ್ಲ. ಅಲ್ಲಿ ಕರ್ಟನ್ನನ್ನೂ ಜೊತೆಗೆ ಒಯ್ಯುವ ಪಿಕ್ಕೇ ಬೇಕು.

ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ, ದಂಡಿನ ದಪ್ಪ ನೋಡಿ. ಕೀಲಿಕೈಯ ದಂಡಿಗಿಂತ ತೆಳುವಾದ ಪಿಕ್ ರಂಧ್ರದಲ್ಲಿ ಓಲಾಡುತ್ತದೆ. ಆಗ ಬೆರಳಿಗೆ ಬರುವ ಸುದ್ದಿ ಲಿವರಿನದೋ ಓಲಾಟದ್ದೋ ತಿಳಿಯುವುದಿಲ್ಲ. ದಪ್ಪವಾದದ್ದು ಕರ್ಟನ್ನಿಗೆ ಉಜ್ಜುತ್ತ ಎಲ್ಲವನ್ನೂ ಮಂಕಾಗಿಸುತ್ತದೆ. ಒಳತಂತಿ ಬಾಗಿದರೆ ಸೆಟೆದು ಮೊದಲಿನಂತೆ ನಿಲ್ಲಬೇಕು, ಬಾಗಿದಲ್ಲೇ ಉಳಿಯಬಾರದು. ತುದಿ ಒಂದೇ ಲಿವರಿನಷ್ಟು ಕಿರಿದಾಗಿರಬೇಕು. ಅಗಲವಾದರೆ ಪಕ್ಕದ ಲಿವರೂ ಜೊತೆಗೇ ಏಳುತ್ತದೆ. ತಂತಿ ಎಷ್ಟು ಆಳಕ್ಕೆ ಇಳಿದಿದೆ ಎಂದು ತೋರಿಸುವ ಗೆರೆಗಳು ಕೊಳವೆಯ ಮೇಲಿದ್ದರೆ ಮೂರನೆಯ ಲಿವರಿನಲ್ಲಿದ್ದೀರೋ ನಾಲ್ಕನೆಯದರಲ್ಲೋ ಎಂಬ ಗೊಂದಲ ತಪ್ಪುತ್ತದೆ. ನನ್ನ ಮಟ್ಟಿಗೆ ಈ ಗೆರೆಗಳು ಹಿಡಿಯ ಅಂದಕ್ಕಿಂತ ಹತ್ತು ಪಟ್ಟು ಬೆಲೆಯುಳ್ಳವು.

ಡಿಕೋಡರ್ ಯಾವಾಗ ಬೇಕು? ಒಂದೇ ಮಾದರಿಯ ಬೀಗ ಪದೇಪದೇ ಬರುತ್ತಿದ್ದು, ಪ್ರತಿ ಸಲವೂ ಕಳೆದುಹೋದ ಕೀಲಿಕೈ ಬದಲಿಗೆ ಹೊಸದನ್ನು ಮಾಡಿಕೊಡಬೇಕಾದಾಗ. ಲಿವರ್‌ಗಳ ಎತ್ತರವನ್ನು ಅದು ಓದಿ ಹೇಳುವುದರಿಂದ ಬೀಗ ಬಿಚ್ಚದೆ ಕೀಲಿಕೈ ಕಡಿಯಬಹುದು. ಆದರೆ ತಯಾರಕರು ಒಳವಿನ್ಯಾಸ ಬದಲಿಸಿದರೆ ಆ ಉಪಕರಣ ಕೆಲಸಕ್ಕೆ ಬಾರದೆ ಹೋಗಬಹುದು. ಅದಕ್ಕೇ ಮೊದಲು ಬೇಡವೆಂದೆ.

ಪ್ರಶ್ನೆ: ಪಿಕ್ ಕೊಂಡು ಒಂದು ವರ್ಷವಾಯಿತು. ಬೋಲ್ಟ್ ಕೂದಲೆಳೆಯಷ್ಟು ಸರಿದು ನಿಂತುಬಿಡುತ್ತದೆ. ಉಪಕರಣ ಬದಲಿಸಬೇಕೇ?

ಉತ್ತರ: ಉಪಕರಣ ಬದಲಿಸುವ ಮುನ್ನ ಕೈಯನ್ನು ಪರೀಕ್ಷಿಸಿಕೊಳ್ಳಿ. ಒಳ್ಳೆಯ ಬೀಗಗಳ ಲಿವರ್‌ಗಳಲ್ಲಿ ನಿಜವಾದ ಗೇಟಿನ ಅಕ್ಕಪಕ್ಕ ಸುಳ್ಳು ಕಚ್ಚುಗಳನ್ನು ಕೊರೆದಿರುತ್ತಾರೆ. ಸ್ಟಂಪ್ ಅದರಲ್ಲಿ ಸಿಕ್ಕಿಕೊಂಡಾಗ ನೀವು ಹೇಳಿದಂತೆಯೇ ಆಗುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ತಂತಿಯೂ ಬಾಗುತ್ತದೆ. ಇಂಥ ಬೀಗ ಒತ್ತಡ ಸಡಿಲಿಸಲು ಬಲ್ಲ ಕೈಗೆ ಮಾತ್ರ ಮಣಿಯುತ್ತದೆ. ಸ್ಪ್ರಿಂಗ್ ಮಾತ್ರ ಒತ್ತಿರುವ ಲಿವರನ್ನು ಎತ್ತಿ ಬಿಟ್ಟರೆ ಹಿಂದಿರುಗಿ ಬರುತ್ತದೆ, ಸ್ಟಂಪ್ ತಡೆದಿರುವ ಲಿವರ್ ಮರಳಿನ ಮೇಲೆ ಎಳೆದಂತೆ ತೊಡಕುತ್ತದೆ. ಈ ವ್ಯತ್ಯಾಸ ಬೆರಳಿಗೆ ತಿಳಿಯುವವರೆಗೆ ಗ್ರಾಹಕರ ಬಾಗಿಲಲ್ಲಿ ಪ್ರಯೋಗ ಬೇಡ. ಅದೇ ಮಾದರಿಯ ಬೀಗವೊಂದನ್ನು ಕೊಂಡು, ಮುಚ್ಚಳ ತೆಗೆದು, ಒಂದು ಲಿವರ್ ಮಾತ್ರ ಇಟ್ಟು ಕಲಿಯಿರಿ. ಕೈಗೆ ಒಲಿದ ಮೇಲೆ ಎರಡನೆಯದನ್ನು ಸೇರಿಸಿ. ಮುಚ್ಚಳದ ಜಾಗದಲ್ಲಿ ಪಾರದರ್ಶಕ ಹಾಳೆ ಹಾಕಿದರೆ ಕಣ್ಣು ಕಂಡದ್ದನ್ನು ಬೆರಳು ನೆನಪಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಹಾಗಾದರೆ ಡ್ರಿಲ್ಲನ್ನು ಪೂರ್ತಿ ಬಿಟ್ಟುಬಿಡಬೇಕೇ?

ಉತ್ತರ: ಇಲ್ಲ. ಲಿವರ್ ಮುರಿದಿದ್ದರೆ, ಒಳಗೆ ಏನೋ ತುಂಡಾಗಿ ಸಿಕ್ಕಿದ್ದರೆ ಪಿಕ್ ಸೋಲುತ್ತದೆ. ಕೆಲಸ ಶುರುಮಾಡುವ ಮೊದಲೇ ಮನೆಯವರಿಗೆ ಹೇಳಿಬಿಡಿ: ಇಷ್ಟು ಹೊತ್ತು ಪ್ರಯತ್ನಿಸುತ್ತೇನೆ, ಆಗದಿದ್ದರೆ ನಿಮ್ಮ ಒಪ್ಪಿಗೆ ಪಡೆದು ಕೊರೆಯುತ್ತೇನೆ, ಬೀಗ ಬದಲಿಸಬೇಕಾಗುತ್ತದೆ. ಆಯಾ ಮಾದರಿಗೆ ಎಲ್ಲಿ ಕೊರೆಯಬೇಕೆಂಬ ಅಳತೆ ಕೈಯಲ್ಲಿದ್ದರೆ ಒಂದೇ ಸಣ್ಣ ರಂಧ್ರದಲ್ಲಿ ಕೆಲಸ ಮುಗಿದು ಬಾಗಿಲ ಮರ ಉಳಿಯುತ್ತದೆ. ಬೀಗದ ಪೆಟ್ಟಿಗೆ ಬದಲಿಸಬಹುದು, ಹಳೆಯ ಮರವನ್ನು ಬದಲಿಸಲಾಗದು.

ಇನ್ನೊಂದು ಮಾತು. ಚೀಲ ಬಿಚ್ಚುವ ಮೊದಲು ಆ ಮನೆ ಅವರದೇ ಎಂಬುದಕ್ಕೆ ಗುರುತಿನ ಚೀಟಿ, ವಿಳಾಸದ ದಾಖಲೆ ನೋಡಿ, ದಿನಾಂಕ ಮತ್ತು ಸಮಯದೊಂದಿಗೆ ನಿಮ್ಮ ಪುಸ್ತಕದಲ್ಲಿ ಬರೆದಿಡಿ. ದಾಖಲೆ ಒಳಗಿದೆ ಎಂದರೆ ಬಾಗಿಲು ತೆರೆದ ತಕ್ಷಣ ತೋರಿಸಬೇಕೆಂದು ಮೊದಲೇ ಒಪ್ಪಿಸಿಕೊಂಡು, ಅಕ್ಕಪಕ್ಕದವರನ್ನು ಕೇಳಿ ಖಾತ್ರಿಪಡಿಸಿಕೊಳ್ಳಿ. ಎರಡೂ ಆಗದಿದ್ದರೆ ಚೀಲ ಕಟ್ಟಿಕೊಂಡು ಹೊರಡಿ. ಪಿಕ್‌ಗಳನ್ನು ಯಾರಿಗೂ ಎರವಲು ಕೊಡಬೇಡಿ, ಸ್ನೇಹಿತರು ಕೇಳಿದರೂ ಸರಿ.