‘ನೋಡೋಣ’ ಅಂದರೆ ಮೇಸ್ತ್ರಿ ನಾಳೆ ಬಂದೇ ಬರುತ್ತಾರೆ

ಪ್ರಶ್ನೆ: ಅಂಜನಾಪುರದಲ್ಲಿ ನಮ್ಮದೊಂದು 30×40 ಸೈಟ್ ಇದೆ. ಕೆಳಗೊಂದು, ಮೇಲೊಂದು ಸೇರಿ 15 ಚದರದ ಮನೆ ಕಟ್ಟಿಸಬೇಕು. ನಾಲ್ಕು ಜನರಿಂದ ಕೊಟೇಶನ್ ತೆಗೆದುಕೊಂಡು ಒಬ್ಬರನ್ನು ಗೊತ್ತು ಮಾಡಿಕೊಂಡಿದ್ದೇವೆ. ಉಳಿದ ಮೂವರಿಗೆ ಬೇಡ ಅನ್ನಲು ಬಾಯೇ ಬರುತ್ತಿಲ್ಲ. ಅವರಲ್ಲಿ ಒಬ್ಬರು ನನ್ನ ಹೆಂಡತಿಯ ಸೋದರಮಾವ ಕಳಿಸಿದ ಮೇಸ್ತ್ರಿ. ಅವರಿಗೆ ಎಲೆ ಅಡಿಕೆ ಜೊತೆ 5,000 ರೂಪಾಯಿ ಕೊಟ್ಟಿದ್ದೆವು. ಇಬ್ಬರು ಆಳು ಕರೆದುಕೊಂಡು ಬಂದು ಒಂದು ದಿನ ದಾರ ಕಟ್ಟಿ ಮಾರ್ಕಿಂಗ್ ಕೂಡ ಮಾಡಿದರು. ಈಗ ದಿನಾ ಫೋನ್ ಮಾಡುತ್ತಾರೆ. ನಾನು ‘ಆಷಾಢ ಕಳೆಯಲಿ, ನೋಡೋಣ’ ಅಂತ ತಳ್ಳುತ್ತಿದ್ದೇನೆ. ಏನು ಮಾಡಲಿ?

ಉತ್ತರ: ಆಷಾಢ ಒಂದೇ ತಿಂಗಳು. ಶ್ರಾವಣದ ಮೊದಲ ದಿನ ಬೆಳಿಗ್ಗೆ ಏಳಕ್ಕೇ ಅವರ ಫೋನ್ ಬರುತ್ತದೆ, ಆಗ ಏನು ಹೇಳುತ್ತೀರಿ?

ಹಿಂದೆ ನಮ್ಮ ಬೀದಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ಅದನ್ನು ಓದಿ ದೆವ್ವ ವಾಪಸ್ ಹೋಗುತ್ತದೆ ಅಂತ ನಂಬಿಕೆ. ಮೇಸ್ತ್ರಿ ದೆವ್ವ ಅಲ್ವಲ್ಲ, ಅವರು ನಿಜವಾಗಿಯೂ ನಾಳೆ ಬರುತ್ತಾರೆ. ನಮ್ಮ ‘ನೋಡೋಣ’, ‘ಹೇಳಿ ಕಳಿಸ್ತೀನಿ’ ಎಲ್ಲ ನಮ್ಮ ಪ್ರಕಾರ ಬೇಡ ಅಂತ. ಕೆಲಸಕ್ಕೆ ಕಾಯುವವರಿಗೆ ಅದು ಕೇಳಿಸುವುದು ‘ಸಿಗುತ್ತೆ’ ಅಂತ. ನನ್ನದೇ ಮನೆ ಕಟ್ಟುವಾಗ ಟೈಲ್ಸ್ ಹಾಕುವ ಒಬ್ಬರಿಗೆ ಹೀಗೇ ‘ನೋಡೋಣ’ ಅಂದಿದ್ದೆ. ಸೋಮವಾರ ಬೆಳಿಗ್ಗೆ ನಾಲ್ಕು ಜನರನ್ನೂ ಕಟಿಂಗ್ ಮಷೀನನ್ನೂ ಆಟೋದಲ್ಲಿ ಹಾಕಿಕೊಂಡು ಬಂದು ಇಳಿದರು. ತಪ್ಪು ನನ್ನದು. ಆಟೋ ಬಾಡಿಗೆ, ನಾಲ್ವರ ಅರ್ಧ ದಿನದ ಕೂಲಿ ಕೊಟ್ಟು ಕಳಿಸಿದೆ.

ಮೇಸ್ತ್ರಿಗೆ ನಷ್ಟ ಆಗುವುದು ನಿಮ್ಮ ‘ಬೇಡ’ದಿಂದ ಅಲ್ಲ, ಅದು ತಡವಾಗಿ ಬರುವುದರಿಂದ. ಅವರ ಹಿಂದೆ ಒಂದು ಗ್ಯಾಂಗ್ ಇರುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಗ್ಯಾಂಗ್‌ಗಳು ರಾಯಚೂರು, ಯಾದಗಿರಿ ಕಡೆಯವರದ್ದು. ‘ಕೆಲಸ ಇದೆ, ಊರಿಗೆ ಹೋಗಬೇಡಿ’ ಅಂತ ಅವರನ್ನು ಹಿಡಿದಿಟ್ಟುಕೊಂಡರೆ ಖರ್ಚಿಗೆ ಕೈಯಿಂದ ದುಡ್ಡು ಕೊಡಬೇಕು. ಇಲ್ಲ ಅಂತ ಇವತ್ತೇ ಗೊತ್ತಾದರೆ ನಾಳೆ ಬೇರೆ ಸೈಟ್ ಹಿಡಿಯುತ್ತಾರೆ.

ಆದರೆ ಒಂದು ಎಚ್ಚರಿಕೆ. ನೀವು ಇನ್ನೂ ‘ಗೊತ್ತು ಮಾಡಿಕೊಂಡಿದ್ದೇವೆ’ ಅನ್ನುತ್ತಿದ್ದೀರಿ, ಸಹಿ ಹಾಕಿದ್ದೇವೆ ಅನ್ನುತ್ತಿಲ್ಲ. ಮೊದಲು ನೀವು ಗೊತ್ತು ಮಾಡಿಕೊಂಡವರ ಕೊಟೇಶನ್ ಇನ್ನೊಮ್ಮೆ ತೆಗೆದು ನೋಡಿ. ರೇಟ್ ಕಡಿಮೆ ಅಂತ ಒಪ್ಪಿಕೊಂಡಿದ್ದರೆ ಅದರಲ್ಲಿ ಸಂಪು, ಕಾಂಪೌಂಡ್, ತಾರಸಿ ವಾಟರ್‌ಪ್ರೂಫಿಂಗ್ ಸೇರಿದೆಯಾ? ಬಾಲ್ಕನಿಯನ್ನು ಪೂರ್ತಿ ಅಳತೆಗೆ ಹಿಡಿದಿದ್ದಾರಾ, ಅರ್ಧಕ್ಕಾ? ಮೆಟ್ಟಿಲ ಮೇಲಿನ ಹೆಡ್‌ರೂಮ್ ಲೆಕ್ಕ ಹೇಗೆ? ಒಂದು ಚದರ ಅಂದರೆ 100 ಚದರ ಅಡಿ. ಅಡಿಗೆ 150 ರೂಪಾಯಿ ಕಡಿಮೆ ಅಂದರೆ ನಿಮ್ಮ 15 ಚದರಕ್ಕೆ 2,25,000 ಉಳಿದಂತೆ ಕಾಣುತ್ತದೆ. ಬಿಟ್ಟುಹೋದವೆಲ್ಲ ‘ಎಕ್ಸ್‌ಟ್ರಾ’ ಅಂತ ಬರತೊಡಗಿದರೆ ಅಷ್ಟೂ ಕರಗಬಹುದು. ಆಗ ಬೇಡ ಅಂದವರ ಹತ್ತಿರ ಮತ್ತೆ ಹೋಗುವುದು ಮುಜುಗರ. ಇದೆಲ್ಲ ಬರವಣಿಗೆಯಲ್ಲಿ ಬಂದು, ಸಹಿ ಬಿದ್ದ ದಿನ ಸಂಜೆಯೇ ಉಳಿದವರಿಗೆ ಫೋನ್ ಮಾಡಿ.

ವಾಟ್ಸಾಪ್ ಬೇಡ. ಸೈಟಿಗೆ ಬಂದು ಅಳತೆ ಹಿಡಿದವರಿಗೆ ಎರಡು ನಿಮಿಷ ಮಾತಾಡುವ ಮರ್ಯಾದೆ ಸಲ್ಲಬೇಕು. ಇಷ್ಟು ಸಾಕು: ‘ನಮಸ್ಕಾರ ಮೇಸ್ತ್ರಿ. ಕೆಲಸ ಬೇರೆಯವರಿಗೆ ಒಪ್ಪಿಸಿಬಿಟ್ವಿ. ನಿಮ್ಮನ್ನ ಕಾಯಿಸೋದು ಬೇಡ ಅಂತ ಹೇಳ್ತಿದೀನಿ. ಬಂದು ಲೆಕ್ಕ ಹಾಕಿ ಕೊಟ್ರಲ್ಲ, ಉಪಕಾರ ಆಯ್ತು.’

ಕಾರಣ ಕೇಳಿದರೆ ‘ರೇಟ್ ಜಾಸ್ತಿ ಆಯ್ತು’ ಅಂತ ಮಾತ್ರ ಹೇಳಬೇಡಿ. ‘ಕಮ್ಮಿ ಮಾಡ್ಕೊಡ್ತೀನಿ ಸಾರ್’ ಅಂತ ಅಲ್ಲೇ ವ್ಯಾಪಾರ ಶುರುವಾಗುತ್ತದೆ. ಇನ್ನೊಬ್ಬರ ಕೊಟೇಶನ್ ತೋರಿಸುವುದೂ ಬೇಡ. ಹಿಂದೆ ಕಟ್ಟಿದ ಕೆಲಸ ಹಿಡಿಸಲಿಲ್ಲವಾದರೆ, ಅವರಾಗಿ ಕೇಳಿದರೆ, ಮೆತ್ತಗೆ ಹೇಳಿ. ಕೆಲವರು ತಿದ್ದಿಕೊಳ್ಳುತ್ತಾರೆ. ಯಾರಾದರೂ ದುಡ್ಡು ತೆಗೆದುಕೊಳ್ಳದೆ ಪೂರ್ತಿ ಡ್ರಾಯಿಂಗ್ ಮಾಡಿಕೊಟ್ಟಿದ್ದು, ಅದನ್ನೇ ನೀವು ಬಳಸುವುದಾದರೆ ಫೀಸ್ ಎಷ್ಟು ಅಂತ ಕೇಳಿ ಕೊಡಿ. ಇಲ್ಲದಿದ್ದರೆ ಆ ಹಾಳೆ ಮುಟ್ಟಬೇಡಿ.

ಇನ್ನು ಮಾವನವರು. ಫೋನ್ ಮೊದಲು ಅವರಿಗೇ ಹೋಗಲಿ, ಮೇಸ್ತ್ರಿಗಲ್ಲ. ಅವರ ಮಾತಿನ ಮೇಲೆ ಮೇಸ್ತ್ರಿ ಬಂದಿರುವುದು. ಸುದ್ದಿ ಮೇಸ್ತ್ರಿಯಿಂದ ಅವರಿಗೆ ತಲುಪಿದರೆ ಗೃಹಪ್ರವೇಶದ ಊಟಕ್ಕೂ ಮುಖ ಊದಿಸಿಕೊಂಡೇ ಬರುತ್ತಾರೆ. ‘ಮಾವ, ಎಲ್ಲ ವಿಚಾರಿಸಿ ಇನ್ನೊಬ್ಬರಿಗೆ ಕೊಟ್ವಿ, ನಿಮಗೆ ಮೊದಲು ಹೇಳೋಣ ಅಂತ’ ಅನ್ನಿ. ಈ ಮಾತನ್ನು ನಿಮ್ಮ ಹೆಂಡತಿಯ ತಲೆಗೆ ಕಟ್ಟಬೇಡಿ. ನೀವೇ ಹೇಳಿ.

ಆ 5,000 ವಾಪಸ್ ಕೇಳಬೇಡಿ. ಮೇಸ್ತ್ರಿ, ಇಬ್ಬರು ಆಳು, ಒಂದು ದಿನದ ಕೂಲಿ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಉಳಿದಿದ್ದು ಎಲೆ ಅಡಿಕೆ ಲೆಕ್ಕ.

ಬೇಜಾರು ಆಗಬಾರದು ಅಂತ ಅವರಿಗೆ ಬಾತ್‌ರೂಮ್ ಕೆಲಸ ಮಾತ್ರ ಕೊಡೋಣ ಅನ್ನಿಸಬಹುದು. ಖಂಡಿತ ಬೇಡ. ನಾಳೆ ಸೋರಿದರೆ ‘ಇಳಿಜಾರು ಸರಿ ಕೊಟ್ಟಿಲ್ಲ’ ಅಂತ ಒಬ್ಬರು, ‘ಪೈಪ್ ಜಾಯಿಂಟ್ ಸರಿ ಇಲ್ಲ’ ಅಂತ ಇನ್ನೊಬ್ಬರು ಕೈ ತೋರಿಸುತ್ತಾರೆ. ಮಧ್ಯದಲ್ಲಿ ಒದ್ದೆ ಗೋಡೆ ನೋಡುತ್ತಾ ನಿಲ್ಲುವವರು ನೀವು. ಯಾರೇ ಮಾಡಲಿ, ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಕಟ್ಟಿ 24 ಗಂಟೆಯಾದರೂ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ.

ಪ್ರಶ್ನೆ: ಎಲೆಕ್ಟ್ರಿಷಿಯನ್ ಅರ್ಧ ಪೈಪ್ ಹಾಕಿ ಹದಿನೈದು ದಿನದಿಂದ ಪತ್ತೆ ಇಲ್ಲ. ಬೇರೆಯವರನ್ನು ಕರೆಯಬಹುದಾ?

ಉತ್ತರ: ಕರೆಯಬಹುದು, ಆದರೆ ಹಳೆಯ ಲೆಕ್ಕ ಮುಗಿಸಿ. ಇಂಥ ದಿನದೊಳಗೆ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಅಂತ ಮೊದಲು ಮೆಸೇಜ್ ಹಾಕಿ. ಇಲ್ಲಿ ಮೆಸೇಜೇ ಸರಿ, ಗುರುತಿಗೆ ಉಳಿಯುತ್ತದೆ. ಬಂದರೆ ಜೊತೆಗೆ ನಿಂತು ಎಷ್ಟು ಪಾಯಿಂಟ್ ಆಗಿದೆ ಎಣಿಸಿ, ಅಷ್ಟಕ್ಕೆ ದುಡ್ಡು ಕೊಟ್ಟು, ‘ಲೆಕ್ಕ ಚುಕ್ತಾ’ ಅಂತ ತಾರೀಕು ಹಾಕಿ ಸಹಿ ಮಾಡಿಸಿಕೊಳ್ಳಿ. ಬರದಿದ್ದರೆ ನೀವೇ ಎಣಿಸಿ ಆ ಲೆಕ್ಕ ಕಳಿಸಿ. ಪ್ಲಾಸ್ಟರಿಂಗ್‌ಗೆ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಹೊಸಬರು ಹಳೆಯ ಪೈಪ್‌ಗಳಲ್ಲಿ ತಂತಿ ಎಳೆದು ನೋಡಿಯೇ ಕೆಲಸ ಒಪ್ಪಿಕೊಳ್ಳಲಿ. ಬೆಸ್ಕಾಂ ಕನೆಕ್ಷನ್ ಕಾಗದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಹಿ ಬೇಕು. ಬೇರೊಬ್ಬರು ಅರ್ಧ ಮಾಡಿದ ಕೆಲಸಕ್ಕೆ ಸಹಿ ಹಾಕುತ್ತಾರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.