ಒಂದೇ ಅಂಗಕ್ಕೆ ಇಷ್ಟು ವರ್ಷಗಳ ಓದು ಏಕೆ?

ಮಾನ್ಯರೇ,

ತಮ್ಮ ಪತ್ರ ಕೈಸೇರಿ ಎರಡು ವಾರವಾಯಿತು. ಅವಸರದ ನಾಲ್ಕು ಸಾಲಿನಲ್ಲಿ ಉತ್ತರಿಸುವಂಥ ಪತ್ರ ಅದಲ್ಲವಾದ್ದರಿಂದ ತಡವಾಗಿದೆ, ಮನ್ನಿಸಬೇಕು. ತಮ್ಮ ಮಗಳು ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಈಗ ಮೂತ್ರಪಿಂಡ ಚಿಕಿತ್ಸೆಯ ಫೆಲೋಶಿಪ್ ಎಂಬ ಉನ್ನತ ತರಬೇತಿಗೆ ಸೇರಿ ಎಂಟು ತಿಂಗಳಾಗಿದೆ ಎಂದು ಬರೆದಿದ್ದೀರಿ. ಅದರೊಂದಿಗೆ ಮೂರು ಪ್ರಶ್ನೆಗಳನ್ನೂ ಇಟ್ಟಿದ್ದೀರಿ. ಇಷ್ಟೆಲ್ಲ ಓದಿದ ಮೇಲೂ ಒಂದೇ ಒಂದು ಅಂಗವನ್ನು ಕಲಿಯಲು ಮತ್ತೆ ವರ್ಷಗಟ್ಟಲೆ ಏಕೆ ಬೇಕು? ಡಯಾಲಿಸಿಸ್ ಮಾಡುವುದು ಯಂತ್ರ, ಅದನ್ನು ನಡೆಸುವುದು ಟೆಕ್ನಿಷಿಯನ್. ಹೀಗಿರುವಾಗ ವೈದ್ಯರ ಪಾತ್ರವೇನು? ಎರಡು ರಾತ್ರಿ ನಿದ್ದೆಯಿಲ್ಲದೆ ದುಡಿದೆ ಎಂದು ಮಗಳು ಫೋನಿನಲ್ಲಿ ಹೇಳುವುದನ್ನು ಕೇಳಿದರೆ, ಇದು ಕಲಿಕೆಯೋ ಜೀತವೋ?

ಈ ಪತ್ರಿಕೆಯ ಹೊಣೆ ಹೊರುವ ಮೊದಲು ನಾನು ಹಲವು ವರ್ಷ ಇದೇ ವಿಭಾಗದಲ್ಲಿ ದುಡಿದವನು, ಇಂಥ ತರಬೇತಿ ಪಡೆಯುವ ಫೆಲೋಗಳ ಜೊತೆ ರೌಂಡ್ಸ್ ಹೋಗಿ ಅವರಿಗೆ ಕಲಿಸಿದವನು. ಆದ್ದರಿಂದ ತಮ್ಮ ಮೂರನೆಯ ಪ್ರಶ್ನೆ ನನ್ನನ್ನು ಚುಚ್ಚಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅವಧಿಯ ವಿಷಯ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸಾಮಾನ್ಯ ವೈದ್ಯಶಾಸ್ತ್ರದ ಮೂರು ವರ್ಷಗಳ ತರಬೇತಿಯ ಮೇಲೆ ಸಾಮಾನ್ಯವಾಗಿ ಎರಡು ವರ್ಷಗಳ ಫೆಲೋಶಿಪ್ ಇದೆ, ಭಾರತದಲ್ಲಿ ಎಂ.ಡಿ. ಬಳಿಕ ಡಿ.ಎಂ. ಪದವಿಗೆ ಮೂರು ವರ್ಷ. ಹೆಸರು ಯಾವುದಾದರೂ ಕಲಿಯಬೇಕಾದದ್ದರ ತಿರುಳು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ.

ಮೂತ್ರಪಿಂಡವನ್ನು ಒಂದು ಅಂಗ ಎಂದು ಎಣಿಸುವುದು ಅಂಗರಚನಾಶಾಸ್ತ್ರದ ಮಟ್ಟಿಗೆ ಸರಿ. ಕೆಲಸದ ಲೆಕ್ಕದಲ್ಲಿ ನೋಡಿದರೆ ಆ ಎಣಿಕೆ ಸಾಲದು. ಹೃದಯ ಪ್ರತಿ ನಿಮಿಷ ಹೊರಹಾಕುವ ರಕ್ತದ ಸುಮಾರು ಐದನೆಯ ಒಂದು ಭಾಗ ಮುಷ್ಟಿ ಗಾತ್ರದ ಈ ಎರಡು ಪಿಂಡಗಳಿಗೇ ಹೋಗುತ್ತದೆ. ಒಂದೊಂದರಲ್ಲೂ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳೆಂಬ ಸೂಕ್ಷ್ಮ ಸೋಸುವ ಘಟಕಗಳಿವೆ. ಅವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಟ್ಟು, ಉಳಿದುದನ್ನೆಲ್ಲ ಮೈಗೆ ಹಿಂದಿರುಗಿಸುತ್ತವೆ. ಈ ಹಿಂದಿರುಗಿಸುವ ಕೆಲಸದಲ್ಲಿಯೇ ದೇಹದ ನೀರು, ಉಪ್ಪು, ಪೊಟ್ಯಾಸಿಯಂ ಮತ್ತು ಆಮ್ಲದ ಸಮತೋಲನ ನಿರ್ಧಾರವಾಗುತ್ತದೆ. ರಕ್ತದೊತ್ತಡದ ಹತೋಟಿ, ಎಲುಬಿನ ಗಟ್ಟಿತನ, ಕೆಂಪು ರಕ್ತಕಣಗಳ ಉತ್ಪತ್ತಿ ಇವೂ ಮೂತ್ರಪಿಂಡವನ್ನು ಅವಲಂಬಿಸಿವೆ. ಹೀಗಾಗಿ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಯಾರು ತೀವ್ರವಾಗಿ ಕಾಯಿಲೆಬಿದ್ದರೂ ಅವರ ಮೂತ್ರಪಿಂಡಕ್ಕೆ ಅದರ ಬಿಸಿ ತಟ್ಟುತ್ತದೆ, ಮತ್ತು ಆ ಕರೆ ಬರುವುದು ತಮ್ಮ ಮಗಳ ಫೋನಿಗೆ.

ಇಷ್ಟಾಗಿಯೂ ಮೂತ್ರಪಿಂಡ ಬಹಳ ಮೌನದ ಅಂಗ. ಎದೆ ನೋಯುತ್ತದೆ, ಉಸಿರು ಕಟ್ಟುತ್ತದೆ, ತಲೆ ಸಿಡಿಯುತ್ತದೆ. ಮೂತ್ರಪಿಂಡವಾದರೋ ಅರ್ಧಕ್ಕಿಂತ ಹೆಚ್ಚು ಹಾಳಾದ ಮೇಲೂ ಹಲವರಲ್ಲಿ ಏನನ್ನೂ ಹೇಳುವುದಿಲ್ಲ. ಎಲ್ಲರೂ ನೋಡುವ ಕ್ರಿಯಾಟಿನೈನ್ ಎಂಬ ರಕ್ತಪರೀಕ್ಷೆ ಕೂಡ ತಡವಾಗಿ ಸುಳಿವು ಕೊಡುವ ಅಂಕಿ. ಸೋಸುವ ಶಕ್ತಿ ಗಣನೀಯವಾಗಿ ಕುಸಿದ ಬಳಿಕವೂ ಅದು ಪ್ರಯೋಗಾಲಯ ನಮೂದಿಸುವ ಸಹಜ ಮಿತಿಯೊಳಗೇ ಇರಬಹುದು, ಏಕೆಂದರೆ ಮೂತ್ರಪಿಂಡ ಹೊರಹಾಕುವ ಆ ತ್ಯಾಜ್ಯ ಹುಟ್ಟುವುದು ಮಾಂಸಖಂಡದಿಂದ, ಮಾಂಸಖಂಡ ಕಡಿಮೆಯಿದ್ದವರಲ್ಲಿ ಅದೂ ಕಡಿಮೆ. ಗಟ್ಟಿಮುಟ್ಟಾದ ಯುವಕನಲ್ಲಿ 1.2 ಎಂಬ ಅಂಕಿ ಸಹಜವಾಗಿರಬಹುದು. ಬಡಕಲಾದ ವೃದ್ಧೆಯಲ್ಲಿ ಅದೇ ಅಂಕಿ ಆಳದ ತೊಂದರೆಯನ್ನು ಮುಚ್ಚಿಟ್ಟಿರಬಹುದು. ಇದಲ್ಲದೆ ಮೂತ್ರಪಿಂಡ ಹಠಾತ್ತನೆ ನಿಂತರೆ ಆ ಹೊತ್ತಿನ ಕ್ರಿಯಾಟಿನೈನ್ ಏನನ್ನೂ ಹೇಳುವುದಿಲ್ಲ. ಅದು ಏರಲು ಒಂದೆರಡು ದಿನ ಬೇಕು. ಸಂಖ್ಯೆಯನ್ನು ಓದುವುದು ಸುಲಭ. ಆ ಸಂಖ್ಯೆ ಯಾರ ಮೈಯದು, ಎಂದಿನದು, ಯಾವ ದಿಕ್ಕಿಗೆ ಹೊರಟಿದೆ ಎಂದು ಓದುವುದನ್ನು ಕಲಿಯಲು ನೂರಾರು ರೋಗಿಗಳ ಬಳಿ ನಿಂತು ತಪ್ಪು ಊಹೆಗಳನ್ನು ತಿದ್ದಿಸಿಕೊಳ್ಳಬೇಕಾಗುತ್ತದೆ.

ಮೂತ್ರದ ವಿಷಯವೂ ಹೀಗೆಯೇ. ಈಗಿನ ಆಸ್ಪತ್ರೆಗಳಲ್ಲಿ ಮೂತ್ರಪರೀಕ್ಷೆ ಯಂತ್ರದಲ್ಲಿ ನಡೆದು ಮುದ್ರಿತ ವರದಿಯಾಗಿ ಬರುತ್ತದೆ. ಆದರೂ ಒಳ್ಳೆಯ ವಿಭಾಗಗಳಲ್ಲಿ ಫೆಲೋ ಸ್ವತಃ ಮೂತ್ರವನ್ನು ಯಂತ್ರದಲ್ಲಿ ರಭಸವಾಗಿ ತಿರುಗಿಸಿ, ತಳದ ಮಡ್ಡಿಯನ್ನು ಸ್ಲೈಡಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ರೂಢಿ ಇಂದಿಗೂ ಉಳಿದಿದೆ. ಕೆಂಪು ರಕ್ತಕಣಗಳು ನೆಫ್ರಾನ್‌ನ ಕೊಳವೆಯೊಳಗೆ ಹೆಪ್ಪುಗಟ್ಟಿದ ಅಚ್ಚಿನಲ್ಲಿ ಸಿಕ್ಕಿಕೊಂಡು ಹೊರಬಂದಿದ್ದರೆ ನೆಫ್ರಾನ್‌ನ ಸೋಸುವ ರಕ್ತನಾಳಗಳ ಗುಚ್ಛದಲ್ಲಿಯೇ ಉರಿಯೂತವಿದೆ ಎಂದರ್ಥ, ಅಂಥ ರೋಗಿಯ ವಿಷಯದಲ್ಲಿ ದಿನಗಳನ್ನು ಕಳೆಯುವಂತಿಲ್ಲ. ಕೆಸರಿನ ಬಣ್ಣದ ಅಚ್ಚುಗಳು ಕಂಡರೆ ಕೊಳವೆಗಳಿಗೆ ಪೆಟ್ಟು ಬಿದ್ದಿದೆ. ಅಲ್ಲಿ ಕಾರಣವನ್ನು ತೆಗೆದು ಕಾಯಬಹುದು. ಎರಡೂ ಕಡೆ ಕ್ರಿಯಾಟಿನೈನ್ ಒಂದೇ ಇರಬಹುದು, ಚಿಕಿತ್ಸೆ ಮಾತ್ರ ತದ್ವಿರುದ್ಧ. ಮುದ್ರಿತ ವರದಿಯಲ್ಲಿ ಬಾರದೇ ಹೋದದ್ದನ್ನು ಸ್ಲೈಡಿನಲ್ಲಿ ಕಂಡುಹಿಡಿದ ಫೆಲೋಗಳ ಮುಖವನ್ನು ನಾನು ನೋಡಿದ್ದೇನೆ. ಆ ಗಳಿಗೆಯ ಬಳಿಕ ಅವರು ಸೂಕ್ಷ್ಮದರ್ಶಕದ ಕೋಣೆಗೆ ಯಾರೂ ಕರೆಯದೆಯೇ ಹೋಗುತ್ತಾರೆ. ಮೂತ್ರಪಿಂಡದ ಚೂರೊಂದನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವ ಬಯಾಪ್ಸಿ ಇದರ ಮುಂದಿನ ಮೆಟ್ಟಿಲು. ಸೂಜಿ ಚುಚ್ಚುವ ಕೈಚಳಕವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಯಾರಿಗೆ ಚುಚ್ಚಬೇಕು, ರಕ್ತಸ್ರಾವದ ಅಪಾಯವನ್ನು ಮೀರಿಸುವಷ್ಟು ಪ್ರಯೋಜನ ಯಾರಿಗಿದೆ ಎಂಬುದನ್ನು ತೂಗಲು ಅದಕ್ಕಿಂತ ಬಹಳ ಹೆಚ್ಚು ಸಮಯ ಬೇಕು.

ಇನ್ನು ಡಯಾಲಿಸಿಸ್. ಯಂತ್ರ ಮಾಡುತ್ತದೆ ಎಂಬ ತಮ್ಮ ಮಾತು ಅಷ್ಟರಮಟ್ಟಿಗೆ ನಿಜ, ಮತ್ತು ಆ ಯಂತ್ರದ ಹಿಂದೆ ದೊಡ್ಡ ಪರಿಶ್ರಮವಿದೆ. 1943ರಲ್ಲಿ, ಯುದ್ಧಕಾಲದ ನೆದರ್ಲೆಂಡ್ಸ್‌ನಲ್ಲಿ, ವಿಲೆಮ್ ಕೋಲ್ಫ್ ಎಂಬ ವೈದ್ಯರು ತಿರುಗುವ ಪೀಪಾಯಿಯಂಥ ಯಂತ್ರವನ್ನು ಕಟ್ಟಿ ಮನುಷ್ಯರ ಮೇಲೆ ಬಳಸಿದರು. ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಆ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಆದರೆ ಆಗಿನ ಡಯಾಲಿಸಿಸ್‌ಗೆ ಪ್ರತಿ ಸಲ ಹೊಸದಾಗಿ ರಕ್ತನಾಳವನ್ನು ತೆರೆಯಬೇಕಿತ್ತು, ಕೆಲವೇ ಸಲಗಳಲ್ಲಿ ನಾಳಗಳು ಮುಗಿದುಹೋಗುತ್ತಿದ್ದವು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರಕ್ತನಾಳಗಳಲ್ಲಿಯೇ ಬಿಡಬಹುದಾದ ಟೆಫ್ಲಾನ್ ಕೊಳವೆಯ ಷಂಟ್ ಅಳವಡಿಸಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ನಡೆಸುವುದು ಸಾಧ್ಯವಾಯಿತು. ಅದರೊಂದಿಗೇ ಹೊಸ ಸಂಕಟವೂ ಬಂತು. ಯಂತ್ರಗಳು ಬೆರಳೆಣಿಕೆಯಷ್ಟು, ಬೇಕಾದವರು ಬಹಳ ಜನ. ಯಾರಿಗೆ ಕೊಡಬೇಕೆಂದು ಆರಿಸಲು ಅಲ್ಲಿ ನಾಗರಿಕರ ಒಂದು ಸಮಿತಿಯನ್ನೇ ಕೂರಿಸಬೇಕಾಯಿತು. ಈ ವಿಭಾಗ ಹುಟ್ಟಿದ ಗಳಿಗೆಯಿಂದಲೇ ‘ಯಾರಿಗೆ, ಯಾವಾಗ’ ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದೆ. ಯಂತ್ರ ಎಷ್ಟೇ ಸುಧಾರಿಸಿದರೂ ಅದಕ್ಕೆ ಉತ್ತರಿಸುವುದು ಯಂತ್ರದ ಕೆಲಸವಾಗಿಲ್ಲ.

ಯಾವಾಗ ಆರಂಭಿಸಬೇಕು ಎಂಬುದನ್ನೇ ನೋಡಿ. ಬೇಗ ಆರಂಭಿಸಿದರೆ ಒಳ್ಳೆಯದು ಎಂದು ಬಹುಕಾಲ ನಂಬಿದ್ದೆವು, ನಾನೂ ನಂಬಿದ್ದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘಕಾಲದ ಕಾಯಿಲೆಯಲ್ಲಿ ಬೇಗ ಆರಂಭಿಸಿದವರು ಹೆಚ್ಚು ಕಾಲ ಬದುಕಲಿಲ್ಲ ಎಂದು ತೋರಿಸಿತು. ಐಸಿಯುದಲ್ಲಿ ಹಠಾತ್ತನೆ ಮೂತ್ರಪಿಂಡ ಕೈಕೊಟ್ಟವರ ಬಗ್ಗೆ ಫ್ರಾನ್ಸಿನಲ್ಲಿ ನಡೆದು 2016ರಲ್ಲಿ ಹೊರಬಂದ ಅಧ್ಯಯನದಲ್ಲಿ, ಕಾದು ನೋಡಿದ ಗುಂಪಿನ ಅರ್ಧದಷ್ಟು ರೋಗಿಗಳಿಗೆ ಡಯಾಲಿಸಿಸ್ ಕೊಡುವ ಪ್ರಸಂಗವೇ ಬರಲಿಲ್ಲ. ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ಪೊಟ್ಯಾಸಿಯಂ ಹೃದಯವನ್ನು ನಿಲ್ಲಿಸುವ ಮಟ್ಟಕ್ಕೆ ಏರುತ್ತಿದೆಯೇ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೇ ಎಂದು ತಾಸುತಾಸಿಗೂ ನೋಡುತ್ತ, ಯಂತ್ರವನ್ನು ಸಿದ್ಧವಿಟ್ಟುಕೊಂಡೂ ಬಳಸದಿರುವ ಧೈರ್ಯ ಅದು. ರಾತ್ರಿ ಎರಡು ಗಂಟೆಗೆ ಆ ಧೈರ್ಯ ಇಪ್ಪತ್ತೊಂಬತ್ತು ವರ್ಷದ ವೈದ್ಯೆಗೆ ಪುಸ್ತಕದಿಂದ ಬರುವುದಿಲ್ಲ. ಆ ಕಡೆಯಿಂದ ಫೋನೆತ್ತಿ, ಅವಳ ಲೆಕ್ಕವನ್ನು ಪೂರ್ತಿ ಕೇಳಿ, ಹಿರಿಯರೊಬ್ಬರು ‘ಸರಿ, ಬೆಳಗಿನವರೆಗೆ ನೋಡೋಣ, ನಾನಿದ್ದೇನೆ’ ಎಂದಾಗ ಬರುತ್ತದೆ.

ಇದಕ್ಕೆ ವಿರುದ್ಧವಾಗಿ, ತಡಮಾಡಬಾರದ ಕೆಲಸಗಳೂ ಇವೆ. ಡಯಾಲಿಸಿಸ್ ಯಂತ್ರಕ್ಕೆ ರಕ್ತ ಒದಗಿಸಲು ತೋಳಿನ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಫಿಸ್ಟುಲಾ ಬಲಿಯಲು ವಾರಗಳಿಂದ ತಿಂಗಳುಗಳು ಬೇಕು. ಡಯಾಲಿಸಿಸ್ ಬೇಕಾಗುವ ದಿನವನ್ನು ಮುಂಚೆಯೇ ಅಂದಾಜಿಸಿ ಅದನ್ನು ಮಾಡಿಸಿಡದಿದ್ದರೆ, ರೋಗಿ ಕುತ್ತಿಗೆಯ ನಾಳಕ್ಕೆ ಹಾಕಿದ ಕ್ಯಾಥೆಟರ್ ಎಂಬ ಕೊಳವೆಯೊಂದಿಗೆ, ಅದರ ಸೋಂಕಿನ ಅಪಾಯದೊಂದಿಗೆ, ಆರಂಭಿಸಬೇಕಾಗುತ್ತದೆ. ಕಸಿಯ ಕಲಿಕೆ ಬೇರೆಯೇ ಒಂದು ಲೋಕ. ಹೊಸ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಮದ್ದು ಕೊಡುವಾಗ ಸೋಂಕಿಗೆ ಬಾಗಿಲು ತೆರೆಯದಂತೆ ನೋಡಿಕೊಳ್ಳುವ ಆ ವಿಷಯವನ್ನು ಇನ್ನೊಂದು ಸಂಚಿಕೆಗೆ ಬಿಡುತ್ತೇನೆ.

ಎಲ್ಲಕ್ಕಿಂತ ಕಷ್ಟದ ಪಾಠ ಡಯಾಲಿಸಿಸ್ ಬೇಡ ಎನ್ನಬಹುದಾದ ಸಂದರ್ಭದ್ದು. ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳಲ್ಲಿದ್ದು ಡಯಾಲಿಸಿಸ್ ಆರಂಭಿಸಿದ 3,702 ಮಂದಿಯ ವಿವರ 2009ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಅವರಲ್ಲಿ ನೂರಕ್ಕೆ 58 ಮಂದಿ ತೀರಿಕೊಂಡಿದ್ದರು. ಮೊದಲಿನಷ್ಟೇ ಓಡಾಟ ಮತ್ತು ಸ್ವಾವಲಂಬನೆ ಉಳಿಸಿಕೊಂಡವರು ನೂರಕ್ಕೆ 13 ಮಾತ್ರ. ಇದನ್ನು ಓದಿ ವಯಸ್ಸಾದವರಿಗೆ ಡಯಾಲಿಸಿಸ್ ಕೊಡಬಾರದು ಎಂದು ತೀರ್ಮಾನಿಸಿದರೆ ಅದು ದೊಡ್ಡ ತಪ್ಪು, ಏಕೆಂದರೆ ಎಂಬತ್ತರಲ್ಲಿ ಡಯಾಲಿಸಿಸ್ ಆರಂಭಿಸಿ ನೆಮ್ಮದಿಯಿಂದ ವರ್ಷಗಳನ್ನು ಕಳೆದವರನ್ನು ನಾನೇ ಬಲ್ಲೆ. ವೈದ್ಯೆಯಾದವಳು ರೋಗಿಯ ಎದುರು ಕುಳಿತು, ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ತಾಸು ಎಂದರೆ ಅವರ ಬದುಕಿನಲ್ಲಿ ಏನಾಗುತ್ತದೆ, ಬೇಡವೆಂದರೆ ನೋವು ಮತ್ತು ಉಸಿರಾಟದ ಕಷ್ಟವನ್ನು ಹೇಗೆ ನೋಡಿಕೊಳ್ಳಲಾಗುತ್ತದೆ ಎಂದು ಬಿಡಿಸಿ ಹೇಳಿ, ಅವರ ಮಾತು ಮುಗಿಯುವವರೆಗೆ ಸುಮ್ಮನಿರಬೇಕು. ನನ್ನ ಕಾಲದಲ್ಲಿ ಇದನ್ನು ಯಾರೂ ಪಾಠವೆಂದು ಕಲಿಸಲಿಲ್ಲ. ಈಗ ಒಳ್ಳೆಯ ತರಬೇತಿ ಕೇಂದ್ರಗಳಲ್ಲಿ ಇಂಥ ಮಾತುಕತೆಯನ್ನು ಹಿರಿಯರು ಜೊತೆಗೆ ಕುಳಿತು ಗಮನಿಸಿ, ಆಮೇಲೆ ತಿದ್ದುತ್ತಾರೆ.

ಈಗ ತಮ್ಮ ಮೂರನೆಯ ಪ್ರಶ್ನೆ. ನಾನು ಫೆಲೋ ಆಗಿದ್ದಾಗ, ಸತತ ಮೂರನೆಯ ರಾತ್ರಿಯ ಕೊನೆಯಲ್ಲಿ, ಇಬ್ಬರು ರೋಗಿಗಳಿಗೆ ಒಂದರ ಹಿಂದೊಂದು ಡಯಾಲಿಸಿಸ್ ಆದೇಶ ಬರೆದೆ. ಮೊದಲನೆಯವರ ಪೊಟ್ಯಾಸಿಯಂ ಅಪಾಯಕಾರಿಯಾಗಿ ಹೆಚ್ಚಿತ್ತು, ಎರಡನೆಯವರದು ಆಗಲೇ ಕಡಿಮೆಯಿತ್ತು. ಇಬ್ಬರಿಗೂ ಪೊಟ್ಯಾಸಿಯಂ ಕಡಿಮೆ ಇರುವ, ಹಾಗಾಗಿ ರಕ್ತದಿಂದ ಅದನ್ನು ಸೆಳೆದುಕೊಳ್ಳುವ, ಅದೇ ಡಯಾಲಿಸಿಸ್ ದ್ರಾವಣವನ್ನು ಬರೆದಿದ್ದೆ. ಯಂತ್ರ ನಾನು ಬರೆದಂತೆಯೇ ನಡೆಯುತ್ತಿತ್ತು. ತಡೆದದ್ದು ಡಯಾಲಿಸಿಸ್ ಘಟಕದ ನರ್ಸ್. ರಕ್ತದ ವರದಿಯನ್ನು ಕೈಯಲ್ಲಿ ಹಿಡಿದು ಬಂದು, ‘ಡಾಕ್ಟರೇ, ಇದನ್ನು ಇನ್ನೊಮ್ಮೆ ನೋಡಿ’ ಎಂದರು. ಅಂದು ಅವರು ಇಲ್ಲದಿದ್ದರೆ ಆ ರೋಗಿಯ ಹೃದಯದ ಲಯ ಏನಾಗುತ್ತಿತ್ತೋ ಎಂಬ ನೆನಪು ನನ್ನನ್ನು ಬಿಟ್ಟಿಲ್ಲ. ಆ ಆಸ್ಪತ್ರೆಯಲ್ಲಿ ಮರುದಿನವೂ ನನ್ನ ಪಾಳಿ ಬದಲಾಗಲಿಲ್ಲ.

ಆದ್ದರಿಂದ ನಿದ್ದೆಗೆಟ್ಟು ದುಡಿದರೇ ವೈದ್ಯರು ಪಳಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿಪಾಳಿ ಬೇಕು, ಏಕೆಂದರೆ ತುರ್ತು ಕಾಯಿಲೆ ರಾತ್ರಿಯೂ ಬರುತ್ತದೆ ಮತ್ತು ಅದನ್ನು ಆಗಲೇ ಕಲಿಯಬೇಕು. ಆದರೆ ಅದೇ ಕ್ಯಾಥೆಟರನ್ನು ಮತ್ತೆ ಮತ್ತೆ ಹಾಕುತ್ತ, ನಡುವೆ ಕಾಗದಪತ್ರ ತುಂಬುತ್ತ, ಹಾಕಿಸಿಕೊಂಡವರು ಆಮೇಲೆ ಏನಾದರೆಂದು ತಿಳಿಯಲು ಪುರುಸೊತ್ತಿಲ್ಲದೆ ಎರಡು ವರ್ಷ ಕಳೆದರೆ, ತಮ್ಮ ಪದವನ್ನೇ ಬಳಸಿ ಅದನ್ನು ಜೀತ ಎನ್ನಲು ನಾನು ಹಿಂಜರಿಯುವುದಿಲ್ಲ. ಜಗತ್ತಿನಲ್ಲಿ ಸುಮಾರು 85 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಇದೆ ಎಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಗಳು 2018ರಲ್ಲಿ ಜಂಟಿಯಾಗಿ ಹೇಳಿದವು. ಹೀಗಿದ್ದೂ ಅಮೆರಿಕದಂಥ ದೇಶದಲ್ಲಿ ವರ್ಷಾನುಗಟ್ಟಲೆ ಮೂತ್ರಪಿಂಡ ಚಿಕಿತ್ಸೆಯ ಫೆಲೋಶಿಪ್‌ನ ಸ್ಥಾನಗಳು ಪೂರ್ತಿ ತುಂಬುತ್ತಿಲ್ಲ. ಯುವ ವೈದ್ಯರು ಈ ದಾರಿಯಿಂದ ದೂರ ಸರಿಯುವುದಕ್ಕೆ ದುಡಿಮೆಯ ಈ ಬಗೆಯೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಅದನ್ನು ಸರಿಪಡಿಸುವ ಹೊಣೆ ಕಲಿಸುವವರದು, ತಮ್ಮ ಮಗಳದಲ್ಲ.

ಅವಳನ್ನು ಹಿಂದಕ್ಕೆ ಕರೆಯಲೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಎಂಟು ತಿಂಗಳಿಗೆ ತೀರ್ಮಾನ ಬೇಡ. ಮೊದಲ ವರ್ಷ ಎಲ್ಲರಿಗೂ ಕಠಿಣ. ಆದರೆ ಕೆಲವು ಸಂಗತಿಗಳನ್ನು ಅವಳಿಂದ ತಿಳಿದುಕೊಳ್ಳಿ. ರಾತ್ರಿ ಕರೆ ಮಾಡಿದರೆ ಹಿರಿಯರು ಫೋನೆತ್ತುತ್ತಾರೆಯೇ? ವಾರದಲ್ಲಿ ಯಾರೂ ಅವಳನ್ನು ಎಬ್ಬಿಸಿ ಕರೆಯದ ಪಾಠದ ಹೊತ್ತು ಇದೆಯೇ? ಬಯಾಪ್ಸಿಯ ಸ್ಲೈಡುಗಳನ್ನು ರೋಗಶಾಸ್ತ್ರಜ್ಞರ ಜೊತೆ ಕುಳಿತು ನೋಡುತ್ತಾಳೆಯೇ? ಮತ್ತು ಮುಂದಿನ ಸಲ ಮಾತಾಡುವಾಗ, ಇಂದು ಎಷ್ಟು ಜನರನ್ನು ನೋಡಿದೆ ಎಂಬುದರ ಬದಲಿಗೆ, ಸೇರಿದ ಹೊಸದರಲ್ಲಿ ನೋಡಿದ ರೋಗಿಗಳಲ್ಲಿ ಒಬ್ಬರಾದರೂ ಈಗ ಹೇಗಿದ್ದಾರೆ ಎಂದು ಕೇಳಿ. ಅವಳು ಆ ರೋಗಿಯ ಕ್ರಿಯಾಟಿನೈನ್ ಅಂದು ಎಷ್ಟಿತ್ತು, ಇಂದು ಎಷ್ಟಿದೆ, ಫಿಸ್ಟುಲಾ ಬಲಿತಿದೆಯೇ, ಮನೆಯವರು ಏನನ್ನುತ್ತಿದ್ದಾರೆ ಎಂದು ತಡೆಯಿಲ್ಲದೆ ಹೇಳತೊಡಗಿದರೆ ಅವಳನ್ನು ಅಲ್ಲಿಯೇ ಇರಲು ಬಿಡಿ. ಅಂಥ ಒಬ್ಬ ರೋಗಿಯೂ ಅವಳ ನೆನಪಿಗೆ ಬಾರದಿದ್ದರೆ ನನಗೆ ಮತ್ತೆ ಬರೆಯಿರಿ. ಕೇಂದ್ರ ಬದಲಿಸುವ ದಾರಿಗಳ ಬಗ್ಗೆ ವಿವರವಾಗಿ ತಿಳಿಸುತ್ತೇನೆ.

— ಸಂಪಾದಕ