ಪರಾಗ್ವೆಯ ಜನ ಸ್ಪ್ಯಾನಿಷ್, ಗ್ವಾರಾನಿಗಳಲ್ಲಿ ಯಾವುದನ್ನು ತಮ್ಮ ಭಾಷೆಯೆಂದು ಭಾವಿಸುತ್ತಾರೆ?

ಎರಡನ್ನೂ ತಮ್ಮದೆಂದೇ ಭಾವಿಸುತ್ತಾರೆ, ಆದರೆ ಒಂದೇ ಅರ್ಥದಲ್ಲಿ ಅಲ್ಲ. ಸಾಮಾಜಿಕ ಭಾಷಾವಿಜ್ಞಾನದ ಓದಿಗೆ ತೊಡಗಿದಾಗಿನಿಂದ ಈ ದೇಶ ನನ್ನನ್ನು ಸೆಳೆದಿದೆ. ಲ್ಯಾಟಿನ್ ಅಮೆರಿಕದ ಬೇರೆ ಕಡೆಗಳಲ್ಲಿ ಮೂಲನಿವಾಸಿಗಳ ಭಾಷೆಯನ್ನು ಹೆಚ್ಚಾಗಿ ಆ ಸಮುದಾಯದವರಷ್ಟೇ ಆಡುತ್ತಾರೆ. ಪರಾಗ್ವೆಯಲ್ಲಾದರೋ ಮೂಲನಿವಾಸಿಗಳೆಂದು ಗುರುತಿಸಿಕೊಳ್ಳುವವರು ಜನಸಂಖ್ಯೆಯ ಶೇಕಡಾ 2ರ ಆಸುಪಾಸಿನಲ್ಲಿದ್ದರೂ ಮೂಲನಿವಾಸಿ ಭಾಷೆಯಾದ ಗ್ವಾರಾನಿಯನ್ನು ಬಹುಸಂಖ್ಯಾತರು ಬಲ್ಲರು. ವಸಾಹತು ಕಾಲದಲ್ಲಿ ಅಲ್ಲಿ ನೆಲೆಸಿದ ಸ್ಪೇನಿನವರು ಕಡಿಮೆ, ಅವರ ಮಕ್ಕಳನ್ನು ಬೆಳೆಸಿದವರು ಗ್ವಾರಾನಿ ತಾಯಂದಿರು ಎಂಬುದು ಇದಕ್ಕೆ ಮುಖ್ಯ ಕಾರಣ.

1960ರ ದಶಕದಲ್ಲಿ ಅಲ್ಲಿ ಕ್ಷೇತ್ರಕಾರ್ಯ ನಡೆಸಿದ ಸಂಶೋಧಕಿ ಜೋನ್ ರೂಬಿನ್ ಅವರು, ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು ಸ್ಥಳ, ಸಂದರ್ಭದ ಗಾಂಭೀರ್ಯ ಮತ್ತು ಪರಸ್ಪರ ಸಲುಗೆಗಳು ನಿರ್ಧರಿಸುತ್ತವೆ ಎಂದು ತೋರಿಸಿದರು. ಹಳ್ಳಿಯಲ್ಲಿ ಗ್ವಾರಾನಿ, ಅಧಿಕಾರಿಯೆದುರು ಸ್ಪ್ಯಾನಿಷ್. ಸ್ಪ್ಯಾನಿಷ್‌ನಲ್ಲಿ ಆರಂಭವಾದ ಪ್ರಣಯ, ಸಲುಗೆ ಬೆಳೆದಂತೆ, ಗ್ವಾರಾನಿಗೆ ಹೊರಳುವುದೂ ಉಂಟು.

ಈ ಆಪ್ತತೆಗೆ ತಕ್ಕ ಗೌರವ ಮಾತ್ರ ಸಿಗಲಿಲ್ಲ. ಬೊಲಿವಿಯಾದೊಡನೆ ನಡೆದ 1932–35ರ ಚಾಕೊ ಯುದ್ಧದಲ್ಲಿ ಶತ್ರುವಿಗೆ ತಿಳಿಯದಿರಲೆಂದು ಸೇನೆ ಗ್ವಾರಾನಿಯನ್ನೇ ಬಳಸಿತು. ಆದರೆ ಅದೇ ಭಾಷೆಯನ್ನು ಶಾಲೆಯಲ್ಲಿ ಆಡಿದ ಮಕ್ಕಳಿಗೆ ಬಹುಕಾಲ ಶಿಕ್ಷೆಯಾಗುತ್ತಿತ್ತು. 1967ರ ಸಂವಿಧಾನ ಅದನ್ನು ರಾಷ್ಟ್ರಭಾಷೆ ಎಂದು ಕರೆದು, ಅಧಿಕೃತ ಸ್ಥಾನವನ್ನು ಸ್ಪ್ಯಾನಿಷ್‌ಗಷ್ಟೇ ಉಳಿಸಿತು. ಸಮಾನ ಸ್ಥಾನ ದೊರೆತದ್ದು ಸರ್ವಾಧಿಕಾರಿ ಸ್ಟ್ರೋಸ್ನರ್ ಪದಚ್ಯುತನಾದ ಮೇಲೆ, 1992ರ ಸಂವಿಧಾನದಲ್ಲಿ.

ಅನಂತರ ನಡೆದದ್ದು ನನಗೆ ಇನ್ನೂ ಸ್ವಾರಸ್ಯಕರವಾಗಿ ಕಾಣುತ್ತದೆ. ಗ್ವಾರಾನಿ ತರಗತಿಗೆ ಬಂದಾಗ ಅದನ್ನು ಮನೆಯಲ್ಲಿ ಆಡುತ್ತಿದ್ದ ಎಷ್ಟೋ ಪೋಷಕರೇ ವಿರೋಧಿಸಿದರು. ಬೀದಿಯಲ್ಲಿ ಕೇಳುವುದು ಎರಡೂ ಬೆರೆತ ಜೊಪಾರಾ. ಪಠ್ಯದಲ್ಲಿದ್ದದ್ದು ಸ್ಪ್ಯಾನಿಷ್ ಪದಗಳನ್ನು ಹೊರಗಿಟ್ಟು ಹೊಸ ಪದಗಳನ್ನು ಕಟ್ಟಿದ ಗ್ವಾರಾನಿ. ಇದು ನಾವಾಡುವ ಭಾಷೆಯಲ್ಲ ಎಂಬ ಅವರ ಆಕ್ಷೇಪವನ್ನು ಕೀಳರಿಮೆ ಎಂದು ತಳ್ಳಿಹಾಕುವ ವಿದ್ವಾಂಸರೊಡನೆ ನನಗೆ ಸಹಮತವಿಲ್ಲ. ನ್ಯಾಯಾಲಯದ ಕಡತ, ಉದ್ಯೋಗದ ಅರ್ಜಿ, ವಿಶ್ವವಿದ್ಯಾಲಯದ ಪಾಠ ಇವೆಲ್ಲ ಬಹುಪಾಲು ಸ್ಪ್ಯಾನಿಷ್‌ನಲ್ಲೇ ನಡೆಯುವಾಗ, ಮನೆಯಲ್ಲಿ ತಾನಾಗಿಯೇ ಬರುವ ಭಾಷೆಗಿಂತ ಮನೆಯಲ್ಲಿ ಸಿಗದ ಭಾಷೆಯನ್ನು ಶಾಲೆ ಕಲಿಸಲಿ ಎಂದು ಹಳ್ಳಿಯ ತಾಯಿಯೊಬ್ಬಳು ಬಯಸಿದರೆ, ಅವಳು ಗ್ವಾರಾನಿಯನ್ನು ತೊರೆದಳೆಂದು ಹೇಳಲಾಗದು. 2010ರ ಭಾಷಾ ಕಾಯಿದೆ ಸರ್ಕಾರಿ ಕಚೇರಿಗಳಲ್ಲಿಯೂ ಗ್ವಾರಾನಿಯ ಬಳಕೆಯನ್ನು ಬಯಸಿದ್ದು ಈ ಅಸಮತೋಲವನ್ನು ಸರಿಪಡಿಸಲೆಂದೇ; ಆದರೆ ಕಚೇರಿಯ ಬರವಣಿಗೆ ಇಂದಿಗೂ ಬಹುಮಟ್ಟಿಗೆ ಸ್ಪ್ಯಾನಿಷ್‌ನಲ್ಲೇ ಸಾಗುತ್ತಿದೆ.